ಜಾಗತೀಕರಣವೂ ಕಾರ್ಮಿಕ ಸಂಘಗಳ ಸದಸ್ಯತ್ವವೂ

ಒಬ್ಬನೇ ದುಡಿಮೆಗಾರನು ತನ್ನ ಕೂಲಿಯ ವಿಷಯವಾಗಿ ಮಾಲೀಕನೊಡನೆ ಮಾತನಾಡಹೊರಟಾಗ ಅವರಿಬ್ಬರೂ ಸಮಾನರಾಗಿರುವುದಿಲ್ಲ. ಒಬ್ಬ ಕೆಲಸಗಾರನು ಬಿಟ್ಟುಹೋದರೆ ಮಾಲೀಕನಿಗೆ ನೂರರಲ್ಲಿ ಒಬ್ಬನು ಹೋದಂತೆ. ಆ ಕೆಲಸ ಹೋದರೆ ಕೆಲಸಗಾರನಿಗೆ ಅಂದಿನ ಅನ್ನವೇ ಹೋದಂತೆ. ಈ ಅಸಮತೆಯನ್ನು ಕಿಂಚಿತ್ತಾದರೂ ಸರಿದೂಗಿಸುವ ಸಲುವಾಗಿ ಹುಟ್ಟಿಕೊಂಡುದೇ ಕಾರ್ಮಿಕ ಸಂಘ. ತಿಂಗಳಿಗೊಮ್ಮೆ ತೆರುವ ಅಲ್ಪ ಚಂದಾಹಣ, ಅದಕ್ಕೆ ದೊರೆಯುವ ಒಂದು ರಸೀತಿ, ಆ ರಸೀತಿಯ ಹಿಂದೆ ಸಾವಿರಾರು ಮಂದಿ ಜೊತೆಗಾರರಿದ್ದಾರೆಂಬ ಧೈರ್ಯ, ಇಷ್ಟೇ ಅದರ ಮೂಲ ಬಂಡವಾಳ. ಕಳೆದ ನಾಲ್ಕೈದು ದಶಕಗಳಲ್ಲಿ ಪ್ರಪಂಚದ ಅನೇಕ ದೇಶಗಳಲ್ಲಿ ಈ ರಸೀತಿಗಳ ಸಂಖ್ಯೆ ಇಳಿಮುಖವಾಗಿದೆ. ಜಾಗತೀಕರಣವೇ ಇದಕ್ಕೆ ಕಾರಣವೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಆ ಮಾತಿನಲ್ಲಿ ಸತ್ಯಾಂಶವೆಷ್ಟು, ಅದು ಯಾವ ಬಗೆಯಲ್ಲಿ ಕಾರಣವಾಯಿತು, ಇದರಿಂದ ಸಮಾಜವು ಕಳೆದುಕೊಂಡುದೇನು ಎಂಬುದನ್ನು ಪರಿಶೀಲಿಸುವುದು ಉಚಿತವಾಗಿದೆ.

ಸಂಘಗಳ ಹುಟ್ಟು ಮತ್ತು ಬೆಳವಣಿಗೆ

ಭಾರತದಲ್ಲಿ ಆಧುನಿಕ ಅರ್ಥದ ಕಾರ್ಮಿಕ ಸಂಘವು 1918ರಲ್ಲಿ ಮದರಾಸಿನಲ್ಲಿ ಉದಯಿಸಿತು. ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರನ್ನು ಒಟ್ಟುಗೂಡಿಸಿ ಬಿ.ಪಿ. ವಾಡಿಯಾ ಅವರು ಮದರಾಸು ಕಾರ್ಮಿಕ ಸಂಘವನ್ನು ಕಟ್ಟಿದರು. ಅದೇ ವರ್ಷ ಅಹಮದಾಬಾದಿನ ಗಿರಣಿ ಕಾರ್ಮಿಕರು ಗಾಂಧೀಜಿಯವರ ಹಾಗೂ ಅನಸೂಯಾ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ನೂರಕ್ಕೆ 35ರಷ್ಟು ವೇತನ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದರು. 1920ರಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಸ್ಥಾಪನೆಗೊಂಡಿತು. 1926ರ ಕಾರ್ಮಿಕ ಸಂಘಗಳ ಅಧಿನಿಯಮವು ಸಂಘಗಳಿಗೆ ನೋಂದಣಿಯ ಹಕ್ಕನ್ನೂ, ಒಟ್ಟಾಗಿ ಕೆಲಸ ನಿಲ್ಲಿಸುವುದೇ ಅಪರಾಧದ ಒಳಸಂಚೆಂಬ ಆರೋಪದಿಂದ ರಕ್ಷಣೆಯನ್ನೂ ಒದಗಿಸಿತು.

ಸ್ವಾತಂತ್ರ್ಯಾನಂತರದ ದಶಕಗಳು ಸಂಘಗಳ ಪಾಲಿಗೆ ಬೆಳವಣಿಗೆಯ ಕಾಲವೆನ್ನಬಹುದು. ಬೆಂಗಳೂರು ಇದಕ್ಕೊಂದು ಉತ್ತಮ ನಿದರ್ಶನ. 1940ರಲ್ಲಿ ಆರಂಭವಾದ ವಿಮಾನ ಕಾರ್ಖಾನೆ, 1948ರ ದೂರವಾಣಿ ಕಾರ್ಖಾನೆ, 1953ರ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, 1954ರ ಭಾರತ್ ಎಲೆಕ್ಟ್ರಾನಿಕ್ಸ್ ಇವೆಲ್ಲವೂ ಸಾವಿರಾರು ಕಾರ್ಮಿಕರನ್ನು ಒಂದೇ ಆವರಣದೊಳಗೆ ಕಲೆಹಾಕಿದವು. ಒಂದೇ ಬಾಗಿಲಿನಿಂದ ಒಳಹೋಗಿ ಒಂದೇ ಸೈರನ್ನಿಗೆ ಹೊರಬರುವವರು, ಒಂದೇ ಬಡಾವಣೆಯಲ್ಲಿ ವಾಸಿಸುವವರು, ಒಬ್ಬನೇ ಮಾಲೀಕನಿಂದ ವೇತನ ಪಡೆಯುವವರು ಸಂಘಟಿತರಾಗುವುದು ಕಷ್ಟವೇನಲ್ಲ. ಮೇಲಾಗಿ, ಆಗ ವಿದೇಶೀ ಸರಕುಗಳಿಗೆ ಸುಂಕದ ತಡೆಗೋಡೆಯಿದ್ದುದರಿಂದ ಹೆಚ್ಚಿಸಿದ ವೇತನವನ್ನು ಸರಕಿನ ಬೆಲೆಯಲ್ಲಿ ಸೇರಿಸುವುದು ಸಾಧ್ಯವಿತ್ತು. ಸಂಘದ ಬಲಕ್ಕೆ ಕಾರ್ಮಿಕರ ಒಗ್ಗಟ್ಟು ಎಷ್ಟು ಕಾರಣವೋ ಈ ಪರಿಸ್ಥಿತಿಯೂ ಅಷ್ಟೇ ಕಾರಣವಾಗಿತ್ತು.

ಆ ಕಾಲದ ಕೊನೆಯನ್ನು ಎರಡು ದೊಡ್ಡ ಮುಷ್ಕರಗಳು ಸೂಚಿಸುತ್ತವೆ. 1980ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಒಂದು ಲಕ್ಷಕ್ಕೂ ಮಿಕ್ಕಿದ ಕಾರ್ಮಿಕರು ಕೆಲಸ ನಿಲ್ಲಿಸಿದರು. 77 ದಿನಗಳ ತರುವಾಯ, 1981ರ ಮಾರ್ಚಿಯಲ್ಲಿ, ಮೂಲ ಬೇಡಿಕೆ ಈಡೇರದೆಯೇ ಆ ಮುಷ್ಕರ ಕೊನೆಗೊಂಡಿತು. 1982ರ ಜನವರಿ 18ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ದತ್ತಾ ಸಾಮಂತರ ನೇತೃತ್ವದಲ್ಲಿ ಹೂಡಿದ ಮುಷ್ಕರವಂತೂ ವಿಧಿವತ್ತಾಗಿ ಎಂದೂ ಮುಗಿಯಲೇ ಇಲ್ಲ. ಗಿರಣಿಗಳ ನೇಯ್ಗೆಯ ಕೆಲಸ ಭಿವಂಡಿ, ಮಾಲೆಗಾಂವ್, ಇಚಲಕರಂಜಿಗಳ ವಿದ್ಯುತ್ ಮಗ್ಗಗಳಿಗೆ ಹರಿದುಹೋಯಿತು. ಕೆಲಸವನ್ನು ಬೇರೆಡೆಗೆ ಸಾಗಿಸಬಲ್ಲ ಮಾಲೀಕನ ಮುಂದೆ, ಒಂದೇ ಊರಿನಲ್ಲಿ ನೆಲೆನಿಂತ ಸಂಘಕ್ಕೆ ಹಿಡಿತವಿಲ್ಲವೆಂಬುದು ಅಲ್ಲಿ ಸ್ಪಷ್ಟವಾಯಿತು. ಜಾಗತೀಕರಣವು ಮುಂದೆ ಮಾಡಿದುದು ಇದನ್ನೇ. ಆದರೆ ಜಿಲ್ಲೆಯಿಂದ ಜಿಲ್ಲೆಗಲ್ಲ, ದೇಶದಿಂದ ದೇಶಕ್ಕೆ.

ಜಾಗತೀಕರಣವು ಕೆಲಸ ಮಾಡುವ ಬಗೆ

1991ರ ಜುಲೈ ತಿಂಗಳಿನಿಂದ ಭಾರತವು ತನ್ನ ಮಾರುಕಟ್ಟೆಯ ಬಾಗಿಲನ್ನು ಹೆಚ್ಚು ಹೆಚ್ಚಾಗಿ ತೆರೆಯಿತು. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. 1974ರಿಂದ ಜವಳಿ ವ್ಯಾಪಾರಕ್ಕೆ ದೇಶವಾರು ಮಿತಿ ಹಾಕಿದ್ದ ಬಹುತಂತು ಒಪ್ಪಂದದ ವ್ಯವಸ್ಥೆ 2005ರ ಜನವರಿ 1ರಿಂದ ಸಂಪೂರ್ಣ ತೆರವಾಯಿತು. ಹಡಗಿನ ಪೆಟ್ಟಿಗೆ ಸಾಗಾಣಿಕೆಯೂ ದೂರಸಂಪರ್ಕವೂ ಅಗ್ಗವಾದುದರಿಂದ ಬಟ್ಟೆಯನ್ನು ಒಂದು ದೇಶದಲ್ಲಿ ನೇಯ್ದು, ಮತ್ತೊಂದರಲ್ಲಿ ಹೊಲಿದು, ಮೂರನೆಯದರಲ್ಲಿ ಮಾರುವುದು ಸುಲಭವಾಯಿತು.

ಈ ಬದಲಾವಣೆಯು ಸಂಘದ ಸದಸ್ಯತ್ವವನ್ನು ನಾಲ್ಕು ಬಗೆಯಲ್ಲಿ ತಟ್ಟುತ್ತದೆ. ಮೊದಲನೆಯದಾಗಿ, ಸಂಘಗಳು ಬಲವಾಗಿದ್ದ ಹಳೆಯ ಕಾರ್ಖಾನೆಗಳು ಪೈಪೋಟಿಯಲ್ಲಿ ಸೊರಗುತ್ತವೆ. 1961ರಿಂದ ಕೈಗಡಿಯಾರಗಳನ್ನು ತಯಾರಿಸುತ್ತಿದ್ದ ಎಚ್.ಎಂ.ಟಿ.ಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ತೀರ್ಮಾನಿಸಿತು. ಕಾರ್ಖಾನೆಯೊಂದು ಮುಚ್ಚಿದಾಗ ಅದರ ಸಂಘವೂ ಮುಚ್ಚುತ್ತದೆ. ಆದರೆ ಹೊಸ ಕಾರ್ಖಾನೆ ತೆರೆದಾಗ ಸಂಘವು ತಾನಾಗಿ ತೆರೆಯುವುದಿಲ್ಲ, ಅದನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ.

ಎರಡನೆಯದಾಗಿ, ಬೇಡಿಕೆ ಏರಿಳಿದಂತೆ ಕೆಲಸಗಾರರ ಸಂಖ್ಯೆಯನ್ನೂ ಏರಿಳಿಸುವ ಸಲುವಾಗಿ ಮಾಲೀಕರು ಗುತ್ತಿಗೆ ಪದ್ಧತಿಯನ್ನು ಅವಲಂಬಿಸುತ್ತಾರೆ. ಭಾರತದ ಸಂಘಟಿತ ಕಾರ್ಖಾನೆಗಳ ಕಾರ್ಮಿಕರಲ್ಲಿ ಗುತ್ತಿಗೆದಾರರ ಮೂಲಕ ಬಂದವರು 2000-01ರಲ್ಲಿ ನೂರಕ್ಕೆ ಸುಮಾರು 20 ಮಂದಿ. 2022-23ರ ವೇಳೆಗೆ ಅದು 40ನ್ನು ಮೀರಿತ್ತು. ಒಂದೇ ಯಂತ್ರದ ಬಳಿ ನಿಂತ ಇಬ್ಬರಲ್ಲಿ ಒಬ್ಬನು ಕಾರ್ಖಾನೆಯವನು, ಇನ್ನೊಬ್ಬನು ಗುತ್ತಿಗೆದಾರನವನು. ಎರಡನೆಯವನು ಸಂಘಕ್ಕೆ ಸೇರಿದರೆ ಅವನನ್ನು ಕೆಲಸದಿಂದ ತೆಗೆಯಬೇಕಾಗಿಲ್ಲ. ಗುತ್ತಿಗೆಯನ್ನು ನವೀಕರಿಸದಿದ್ದರೆ ಸಾಕು.

ಮೂರನೆಯದಾಗಿ, ತೀರ್ಮಾನ ಕೈಗೊಳ್ಳುವವನು ಕಣ್ಣಿಗೆ ಕಾಣದಷ್ಟು ದೂರ ಸರಿಯುತ್ತಾನೆ. ಅಂಗಿಯೊಂದಕ್ಕೆ ಕೊಡುವ ದರವನ್ನು ಸಾಗರದಾಚೆಯ ಮಾರಾಟ ಸಂಸ್ಥೆ ನಿಗದಿಪಡಿಸಿದ ಮೇಲೆ ಸ್ಥಳೀಯ ಮಾಲೀಕನು, ತನ್ನ ಕೈಯಲ್ಲಿ ಏನೂ ಇಲ್ಲವೆಂದು ಹೇಳಿದರೆ ಅದರಲ್ಲಿ ಅರ್ಧ ನಿಜವಿರುತ್ತದೆ. ಯಾರೊಡನೆ ಮಾತನಾಡಬೇಕೋ ಅವರು ಮೇಜಿನ ಎದುರಿಗೆ ಇಲ್ಲವೆಂದಾದರೆ ಚಂದಾ ಕೊಡುವುದರಿಂದ ಪ್ರಯೋಜನವೇನೆಂದು ಕಾರ್ಮಿಕನಿಗೆ ಅನ್ನಿಸುವುದು ಸಹಜ.

ನಾಲ್ಕನೆಯದಾಗಿ, ದುಡಿಮೆಯ ಸ್ವರೂಪವೇ ಮಾರ್ಪಾಟುಗೊಳ್ಳುತ್ತದೆ. ಗಣಕಯಂತ್ರದ ಮುಂದೆ ಕುಳಿತು ವಿದೇಶದ ಗ್ರಾಹಕನಿಗೆ ಕೆಲಸ ಮಾಡಿಕೊಡುವ ತರುಣನು ತನ್ನನ್ನು ಕಾರ್ಮಿಕನೆಂದು ಭಾವಿಸುವುದು ಕಡಮೆ. ದೂರವಾಣಿಯ ಆದೇಶದಂತೆ ಮನೆಮನೆಗೆ ಊಟ ಮುಟ್ಟಿಸುವವನನ್ನು ಸಂಸ್ಥೆಗಳು ಪಾಲುದಾರನೆಂದು ಕರೆಯುತ್ತವೆಯೇ ಹೊರತು ನೌಕರನೆಂದು ಕರೆಯುವುದಿಲ್ಲ.

ಅಂಕಿಗಳು ಹೇಳುವುದೇನು

ಬ್ರಿಟನ್ನಿನಲ್ಲಿ ಸಂಘಗಳ ಸದಸ್ಯರ ಸಂಖ್ಯೆ 1979ರಲ್ಲಿ 1 ಕೋಟಿ 32 ಲಕ್ಷದ ಶಿಖರವನ್ನು ಮುಟ್ಟಿತ್ತು. 2016ರ ವೇಳೆಗೆ ಅದು ಸುಮಾರು 62 ಲಕ್ಷಕ್ಕೆ ಇಳಿಯಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1983ರಲ್ಲಿ ನೌಕರರ ಪೈಕಿ ನೂರಕ್ಕೆ 20 ಮಂದಿ ಸಂಘದ ಸದಸ್ಯರಾಗಿದ್ದರು. 2023ರಲ್ಲಿ 10 ಮಂದಿ. ಖಾಸಗಿ ವಲಯದಲ್ಲಂತೂ ಅದು ನೂರಕ್ಕೆ 6 ಮಾತ್ರ.

ಇಷ್ಟನ್ನೇ ನೋಡಿದರೆ ಜಾಗತೀಕರಣವೇ ಸಂಘಗಳನ್ನು ನುಂಗಿತೆಂದು ನಿರ್ಣಯಿಸಬೇಕಾಗುತ್ತದೆ. ಆದರೆ ಸ್ವೀಡನ್ನಿನ ಉದಾಹರಣೆ ಈ ನಿರ್ಣಯಕ್ಕೆ ಅಡ್ಡಬರುತ್ತದೆ. ಆ ದೇಶದ ರಫ್ತು ಅದರ ರಾಷ್ಟ್ರೀಯ ಉತ್ಪನ್ನದ ಸುಮಾರು ಅರ್ಧದಷ್ಟಿದೆ. ಹೊರಜಗತ್ತಿನ ಪೈಪೋಟಿಗೆ ಅದು ಅಮೆರಿಕಕ್ಕಿಂತ ಎಷ್ಟೋ ಪಾಲು ಹೆಚ್ಚು ತೆರೆದುಕೊಂಡಿದೆ. ಹಾಗಿದ್ದರೂ ಅಲ್ಲಿಯ ನೌಕರರಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿ ಇಂದಿಗೂ ಸಂಘದ ಸದಸ್ಯರು. ನಿರುದ್ಯೋಗ ವಿಮೆಯ ನಿಧಿಗಳನ್ನು ಅಲ್ಲಿ ಸಂಘಗಳೇ ನಡೆಸಿಕೊಂಡು ಬಂದಿರುವುದು ಇದಕ್ಕೊಂದು ಮುಖ್ಯ ಕಾರಣ. ಕೆಲಸ ಹೋಗುವ ಭಯವೇ ಅಲ್ಲಿ ಕಾರ್ಮಿಕನನ್ನು ಸಂಘದತ್ತ ಕರೆತರುತ್ತದೆ. 2007ರಲ್ಲಿ ಸರ್ಕಾರವು ಆ ನಿಧಿಗಳ ಶುಲ್ಕವನ್ನು ಏರಿಸಿದಾಗ, ನೂರಕ್ಕೆ 77ರಷ್ಟಿದ್ದ ಸದಸ್ಯತ್ವ ಎರಡು ವರ್ಷಗಳೊಳಗೆ 71ಕ್ಕೆ ಕುಸಿಯಿತು. ಜಗತ್ತಿನ ವ್ಯಾಪಾರವು ಆ ಎರಡು ವರ್ಷಗಳಲ್ಲಿ ಮಾಡಲಾಗದ ಕೆಲಸವನ್ನು ಒಂದು ನಿಯಮ ಮಾಡಿತು. ಬ್ರಿಟನ್ನಿನಲ್ಲಿಯೂ 1980ರ ನಂತರದ ಸರಣಿ ಶಾಸನಗಳು ಮತ್ತು 1984-85ರ ಗಣಿ ಮುಷ್ಕರದ ಸೋಲು, ಅಮೆರಿಕದಲ್ಲಿ 1981ರಲ್ಲಿ ಮುಷ್ಕರನಿರತ 11,000ಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರ ವಜಾ, ಇವು ಮಾರುಕಟ್ಟೆಯ ಕಾರ್ಯಗಳಲ್ಲ, ಪ್ರಭುತ್ವದ ಕಾರ್ಯಗಳು. ಜಾಗತೀಕರಣವೆಂಬುದು ಗಾಳಿ, ಗೋಡೆ ನಿಲ್ಲುವುದೂ ಬೀಳುವುದೂ ಅದನ್ನು ಕಟ್ಟಿದ ಬಗೆಯನ್ನು ಅನುಸರಿಸಿದೆ.

ಭಾರತದ ಅಂಕಿಗಳು ಇನ್ನೊಂದು ಬಗೆಯಲ್ಲಿ ಚಕಿತಗೊಳಿಸುತ್ತವೆ. ಕೇಂದ್ರೀಯ ಕಾರ್ಮಿಕ ಸಂಘಟನೆಗಳ ಪರಿಶೀಲಿತ ಸದಸ್ಯತ್ವವು 1989ರ ಎಣಿಕೆಯಲ್ಲಿ ಸುಮಾರು 1 ಕೋಟಿ 23 ಲಕ್ಷ; 2002ರ ಎಣಿಕೆಯಲ್ಲಿ ಸುಮಾರು 2 ಕೋಟಿ 48 ಲಕ್ಷ. ಉದಾರೀಕರಣದ ಮೊದಲ ದಶಕದಲ್ಲಿ ಸಂಖ್ಯೆ ಇಳಿಯುವ ಬದಲು ಇಮ್ಮಡಿಯಾಯಿತು! ಕೃಷಿ ಕಾರ್ಮಿಕರು, ಕಟ್ಟಡ ಕೆಲಸಗಾರರು, ಬೀಡಿ ಕಟ್ಟುವವರು, ಅಂಗನವಾಡಿ ಕಾರ್ಯಕರ್ತೆಯರು ಮುಂತಾದ ಅಸಂಘಟಿತ ವಲಯದವರತ್ತ ಸಂಘಟನೆಗಳು ತಿರುಗಿದುದು ಇದರ ಮುಖ್ಯ ಕಾರಣ. ಆದರೆ ಇಲ್ಲೊಂದು ಎಚ್ಚರಿಕೆ ಅವಶ್ಯ. ಮಾಲೀಕನೊಡನೆ ಕುಳಿತು ವೇತನವನ್ನು ಗೊತ್ತುಮಾಡಿಸಬಲ್ಲ ಸದಸ್ಯತ್ವ ಬೇರೆ, ಸರ್ಕಾರಕ್ಕೆ ಮನವಿ ಸಲ್ಲಿಸುವ ಸದಸ್ಯತ್ವ ಬೇರೆ. ಎರಡನೆಯದು ಹೆಚ್ಚಿತು, ಮೊದಲನೆಯದು ಕುಗ್ಗಿತು. ರಸೀತಿಗಳ ಎಣಿಕೆಯಿಂದ ಮಾತ್ರವೇ ಸಂಘಶಕ್ತಿಯನ್ನು ಅಳೆಯಲಾಗದು.

ಕರ್ನಾಟಕದ ಸಿದ್ಧ ಉಡುಪಿನ ಕಾರ್ಖಾನೆಗಳು

ಈ ಎಲ್ಲ ಅಂಶಗಳೂ ಒಂದೆಡೆ ಕಾಣಬರುವುದು ಬೆಂಗಳೂರು ಮತ್ತು ಅದರ ಸುತ್ತಣ ಜಿಲ್ಲೆಗಳ ಸಿದ್ಧ ಉಡುಪಿನ ಉದ್ಯಮದಲ್ಲಿ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳಲ್ಲಿ ಹಬ್ಬಿರುವ ಈ ಕಾರ್ಖಾನೆಗಳಲ್ಲಿ ದುಡಿಯುವವರು ಬಹುಪಾಲು ಹೆಣ್ಣುಮಕ್ಕಳು. ಹಳ್ಳಿಗಳಿಂದ ಬಂದವರು, ಮನೆಗೆಲಸ ಮುಗಿಸಿ ಹೊಲಿಗೆ ಯಂತ್ರದ ಮುಂದೆ ಕೂರುವವರು, ಗಂಟೆಗಿಷ್ಟೆಂಬ ಲೆಕ್ಕವನ್ನು ಪೂರೈಸಬೇಕಾದವರು. ಕೆಲವೇ ವರ್ಷಗಳಲ್ಲಿ ಕಾರ್ಖಾನೆಯಿಂದ ಕಾರ್ಖಾನೆಗೆ ಬದಲಾಗುವ ಇವರನ್ನು ಸಂಘಟಿಸುವುದು ಸುಲಭವಲ್ಲ. ಈ ಉದ್ಯಮದಲ್ಲಿ ಸಂಘಗಳು ಇಲ್ಲವೆಂದಲ್ಲ. ಆದರೆ ಅವುಗಳ ಸದಸ್ಯರು ಒಟ್ಟು ಕಾರ್ಮಿಕರಲ್ಲಿ ಒಂದು ಸಣ್ಣ ಪಾಲು ಮಾತ್ರ.

ಸಂಘಕ್ಕೆ ಸೇರದವರು ಸಂಘಭಾವನೆಯಿಲ್ಲದವರೆಂದು ತಿಳಿಯುವುದು ತಪ್ಪು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಭವಿಷ್ಯ ನಿಧಿಗೆ ಮಾಲೀಕರು ಸಲ್ಲಿಸುವ ಪಾಲನ್ನು 58 ವರ್ಷ ತುಂಬುವವರೆಗೆ ಹಿಂಪಡೆಯಲಾಗದೆಂಬ ನಿಯಮವನ್ನು ಹೊರಡಿಸಿತು. ಮಗಳ ಮದುವೆಗೋ ಸಾಲ ತೀರಿಸುವುದಕ್ಕೋ ಮಕ್ಕಳ ಶಾಲೆಯ ಶುಲ್ಕಕ್ಕೋ ಆ ಹಣವನ್ನೇ ನೆಚ್ಚಿಕೊಂಡಿದ್ದ ಈ ಹೆಣ್ಣುಮಕ್ಕಳು ಏಪ್ರಿಲ್ 18 ಮತ್ತು 19ರಂದು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಅವರನ್ನು ಕರೆದು ತಂದ ನಾಯಕರಾರೂ ಇರಲಿಲ್ಲ. ಬೆಂಗಳೂರಿನ ಹೆದ್ದಾರಿಗಳು ಸ್ತಬ್ಧಗೊಂಡವು. ಏಪ್ರಿಲ್ 19ರಂದೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಇದು ಗೆಲುವೇ ಸರಿ. ಆದರೆ ಆ ಎರಡು ದಿನಗಳಲ್ಲಿ ಬಸ್ಸುಗಳು ಬೆಂಕಿಗೆ ಆಹುತಿಯಾದವು, ಲಾಠಿಗಳು ಬೀಸಿದವು. ಮುಂಚಿತವಾಗಿ ಮಾತನಾಡಲು ಒಂದು ಬಾಗಿಲಿದ್ದಿದ್ದರೆ ಇಷ್ಟಕ್ಕೆ ಅವಕಾಶವಾಗುತ್ತಿರಲಿಲ್ಲ.

2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ನಡೆದುದೂ ಇದನ್ನೇ ಹೇಳುತ್ತದೆ. ಅಮೆರಿಕದ ಸಂಸ್ಥೆಯೊಂದರ ದೂರವಾಣಿಗಳನ್ನು ತೈವಾನಿನ ಸಂಸ್ಥೆಯು ಅಲ್ಲಿ ಜೋಡಿಸುತ್ತಿತ್ತು. ಕೆಲಸಗಾರರಲ್ಲಿ ಬಹುಮಂದಿ ಗುತ್ತಿಗೆದಾರರ ಮೂಲಕ ಬಂದವರು. ವೇತನದ ವಿಷಯದಲ್ಲಿ ಅಸಮಾಧಾನ ಬೆಳೆದು ಅಂದು ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆಯ ಗಾಜುಗಳು ಒಡೆದವು, ಯಂತ್ರಗಳು ಹಾಳಾದವು. ನೂರಾರು ಮಂದಿ ಬಂಧನಕ್ಕೊಳಗಾದರು. ಕೆಲವು ಕಾರ್ಮಿಕರಿಗೆ ಸರಿಯಾಗಿ ಹಾಗೂ ಸಕಾಲದಲ್ಲಿ ವೇತನ ಸಂದಿರಲಿಲ್ಲವೆಂದು ಆ ಸಂಸ್ಥೆಯೇ ಅನಂತರ ಒಪ್ಪಿಕೊಂಡಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ದೂರನ್ನು ದಾಖಲಿಸಿ, ಮೇಜಿನ ಮೇಲಿಟ್ಟು, ಉತ್ತರ ಪಡೆದುಬರುವ ಪ್ರತಿನಿಧಿಯೊಬ್ಬನು ಇಲ್ಲದಿರುವುದು ಮಾಲೀಕನಿಗೂ ಲಾಭವಲ್ಲವೆಂಬುದನ್ನು ಆ ಬೆಳಗು ತೋರಿಸಿಕೊಟ್ಟಿತು.

ಸಂಘವಿಲ್ಲದಿರುವುದರ ಬೆಲೆ ಇದಕ್ಕಿಂತಲೂ ಘೋರವಾಗಬಲ್ಲುದು. ಬಾಂಗ್ಲಾದೇಶದ ಢಾಕಾ ಸಮೀಪದ ರಾಣಾ ಪ್ಲಾಜಾ ಕಟ್ಟಡದಲ್ಲಿ 2013ರ ಏಪ್ರಿಲ್ 23ರಂದು ಬಿರುಕುಗಳು ಕಾಣಿಸಿಕೊಂಡವು. ಕೆಳಗಿನ ಅಂತಸ್ತಿನ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳುಹಿಸಿತು. ಮೇಲಿನ ಅಂತಸ್ತುಗಳ ಸಿದ್ಧ ಉಡುಪಿನ ಕಾರ್ಮಿಕರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆಯಲಾಯಿತು. ಬೆಳಗ್ಗೆ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಮಡಿದರು. ಅಲ್ಲಿಯ ಕಾರ್ಖಾನೆಗಳಲ್ಲಿ ಒಂದರಲ್ಲಿಯೂ ಸಂಘವಿರಲಿಲ್ಲ. ಒಳಹೋಗಲಾರೆನೆಂದು ಒಬ್ಬಳೇ ಹೇಳಿದರೆ ಕೆಲಸ ಹೋಗುತ್ತದೆ. ಒಳಹೋಗಲಾರೆವೆಂದು ಎಲ್ಲರೂ ಹೇಳಿದರೆ ಪ್ರಾಣ ಉಳಿಯುತ್ತದೆ. ಒಬ್ಬಳ ಆ ಮಾತನ್ನು ಎಲ್ಲರ ಮಾತಾಗಿ ಮಾಡುವುದೇ ಸಂಘದ ಕೆಲಸ.

ಸಂಘಗಳ ಸ್ವಂತ ದೋಷಗಳು

ಇಳಿಕೆಯ ಹೊಣೆಯನ್ನೆಲ್ಲ ಹೊರಗಿನ ಗಾಳಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಭಾರತದ ಸಂಘಗಳು ರಾಜಕೀಯ ಪಕ್ಷಗಳ ಬೆನ್ನುಹತ್ತಿ ಒಡೆದು ಹೋಳಾದವು. ಏಳು ಮಂದಿ ಸೇರಿದರೆ ಸಂಘವೊಂದನ್ನು ನೋಂದಾಯಿಸಬಹುದೆಂಬ ಹಳೆಯ ಅವಕಾಶವು ಒಂದೇ ಕಾರ್ಖಾನೆಯಲ್ಲಿ ನಾಲ್ಕಾರು ಸಂಘಗಳು ತಲೆಯೆತ್ತಲು ಎಡೆಗೊಟ್ಟಿತು. 2001ರ ತಿದ್ದುಪಡಿಯು ಈ ಸಂಖ್ಯೆಯನ್ನು ಬಿಗಿಗೊಳಿಸಿದರೂ ಪರಸ್ಪರ ಪೈಪೋಟಿ ನಿಲ್ಲಲಿಲ್ಲ. ಖಾಯಂ ಕಾರ್ಮಿಕರ ವೇತನಕ್ಕಾಗಿ ಹೋರಾಡಿದ ಸಂಘಗಳು ಪಕ್ಕದಲ್ಲೇ ಅರ್ಧ ಕೂಲಿಗೆ ದುಡಿಯುತ್ತಿದ್ದ ಗುತ್ತಿಗೆ ಕಾರ್ಮಿಕನತ್ತ ಬಹುಕಾಲ ಕಣ್ಣೆತ್ತಿ ನೋಡಲಿಲ್ಲ. ಹೆಣ್ಣುಮಕ್ಕಳೇ ತುಂಬಿರುವ ಉದ್ಯಮಗಳಲ್ಲಿಯೂ ಸಂಜೆಯ ಸಭೆಗಳನ್ನು ಗಂಡಸರ ಅನುಕೂಲಕ್ಕೆ ತಕ್ಕಂತೆ ಕರೆಯುವುದು ರೂಢಿಯಾಗಿತ್ತು. ಮುಷ್ಕರವನ್ನು ಕೊನೆಯ ಅಸ್ತ್ರವನ್ನಾಗಿಸದೆ ಮೊದಲನೆಯದನ್ನಾಗಿಸಿದ ಪ್ರಸಂಗಗಳೂ ಇಲ್ಲದಿಲ್ಲ. ಜಾಗತೀಕರಣವು ಕೋಟೆಯ ಬಾಗಿಲನ್ನು ತಟ್ಟಿದಾಗ ಒಳಗಿನ ಬಿರುಕುಗಳು ಮೊದಲೇ ಇದ್ದವು.

ಹೊಸ ದಾರಿಗಳು

ಇಷ್ಟಾದರೂ ಚಿತ್ರ ಸಂಪೂರ್ಣ ಕಪ್ಪಲ್ಲ. ತೀರ್ಮಾನ ಕೈಗೊಳ್ಳುವವನು ದೂರ ಸರಿದರೆ ಸಂಘವೂ ಅಷ್ಟು ದೂರ ಕೈಚಾಚಬೇಕೆಂಬುದನ್ನು ಶ್ರೀರಂಗಪಟ್ಟಣದ ಪ್ರಸಂಗ ನಿರೂಪಿಸಿದೆ. 2020ರ ಜೂನ್ ತಿಂಗಳಲ್ಲಿ ಅಲ್ಲಿಯ ಸಿದ್ಧ ಉಡುಪಿನ ಕಾರ್ಖಾನೆಯೊಂದು ಬಾಗಿಲು ಹಾಕಿದಾಗ ಸುಮಾರು 1,200 ಮಂದಿ ಕೆಲಸ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಸಂಘದ ಸದಸ್ಯರಾಗಿದ್ದರು. ವಾರಗಟ್ಟಲೆ ಕಾರ್ಖಾನೆಯ ಮುಂದೆ ಧರಣಿ ಕುಳಿತುದಲ್ಲದೆ, ಆ ಕಾರ್ಖಾನೆಯಿಂದ ಬಟ್ಟೆ ಕೊಳ್ಳುತ್ತಿದ್ದ ಸ್ವೀಡನ್ನಿನ ಎಚ್ ಅಂಡ್ ಎಂ ಸಂಸ್ಥೆಯವರೆಗೆ ಅವರ ದೂರು ತಲುಪಿತು. ಜಿನೀವಾದಲ್ಲಿ ಕೇಂದ್ರ ಕಚೇರಿಯುಳ್ಳ ಇಂಡಸ್ಟ್ರಿಆಲ್ ಎಂಬ ಜಾಗತಿಕ ಕಾರ್ಮಿಕ ಒಕ್ಕೂಟದೊಡನೆ ಆ ಸಂಸ್ಥೆಯು 2015ರಲ್ಲಿಯೇ ಒಪ್ಪಂದಕ್ಕೆ ಸಹಿ ಹಾಕಿದ್ದುದು ನೆರವಿಗೆ ಬಂದಿತು. 2021ರ ಆರಂಭದಲ್ಲಿ, ಕೆಲಸ ಕಳೆದುಕೊಂಡವರನ್ನು ತನ್ನ ಬೇರೆ ಘಟಕಗಳಲ್ಲಿ ಮರಳಿ ತೆಗೆದುಕೊಳ್ಳಲು ಕಾರ್ಖಾನೆಯ ಒಡೆತನದ ಸಂಸ್ಥೆ ಒಪ್ಪಿತು. ಮುಚ್ಚಿದ ಕಾರ್ಖಾನೆ ತೆರೆಯಲಿಲ್ಲ. ಆದರೆ ಕಾವೇರಿಯ ದಡದ ಧ್ವನಿ ಸಾಗರದಾಚೆಗೆ ಕೇಳಿಸಬಲ್ಲುದೆಂಬುದು ಸಿದ್ಧವಾಯಿತು. ರಾಣಾ ಪ್ಲಾಜಾ ದುರಂತದ ನಂತರ 2013ರಲ್ಲಿಯೇ ವಿದೇಶೀ ಮಾರಾಟ ಸಂಸ್ಥೆಗಳೂ ಜಾಗತಿಕ ಒಕ್ಕೂಟಗಳೂ ಕಾನೂನಿನ ಬಲವುಳ್ಳ ಸುರಕ್ಷತಾ ಒಪ್ಪಂದವನ್ನು ಮಾಡಿಕೊಂಡಿದ್ದವೆಂಬುದು ಇಲ್ಲಿ ಸ್ಮರಣೀಯ.

ಹೊಸ ಬಗೆಯ ದುಡಿಮೆಯಲ್ಲಿಯೂ ಚಲನೆ ಕಂಡುಬರುತ್ತಿದೆ. 2017ರಲ್ಲಿ ಕರ್ನಾಟಕದ ಮಾಹಿತಿ ತಂತ್ರಜ್ಞಾನ ನೌಕರರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. 2025ರಲ್ಲಿ ಕರ್ನಾಟಕ ಸರ್ಕಾರವು ಮೊಬೈಲು ವೇದಿಕೆಗಳ ಮೂಲಕ ದುಡಿಯುವವರ ಸಾಮಾಜಿಕ ಭದ್ರತೆಗಾಗಿ ಶಾಸನವೊಂದನ್ನು ಜಾರಿಗೊಳಿಸಿ, ಅವರಿಗೆ ಸಲ್ಲುವ ಹಣದ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಸಂಸ್ಥೆಗಳಿಂದ ವಸೂಲುಮಾಡಲು ಅವಕಾಶ ಕಲ್ಪಿಸಿತು. ಇತ್ತ 1926ರ ಅಧಿನಿಯಮದ ಸ್ಥಾನವನ್ನು ಕೈಗಾರಿಕಾ ಸಂಬಂಧಗಳ ಸಂಹಿತೆ ಆಕ್ರಮಿಸಿದೆ. 2020ರಲ್ಲಿ ಅಂಗೀಕೃತವಾದ ಈ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ನೂರಕ್ಕೆ 51 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರ ಬೆಂಬಲ ಪಡೆದ ಸಂಘವನ್ನು ಸಂಧಾನದ ಸಂಘವೆಂದು ಮನ್ನಿಸಬೇಕೆಂದು ಅದು ವಿಧಿಸುತ್ತದೆ. ಜೊತೆಗೆ, ಮುಷ್ಕರಕ್ಕೆ ಮುನ್ನ ನೋಟೀಸು ಕೊಡುವ ಕಟ್ಟುಪಾಡನ್ನು ಎಲ್ಲ ಉದ್ಯಮಗಳಿಗೂ ವಿಸ್ತರಿಸಿ, ಅನುಮತಿಯಿಲ್ಲದೆ ಮುಚ್ಚಬಹುದಾದ ಕಾರ್ಖಾನೆಗಳ ಮಿತಿಯನ್ನು 100 ಕಾರ್ಮಿಕರಿಂದ 300ಕ್ಕೆ ಏರಿಸಿದೆ. ಒಂದು ಕೈಯಿಂದ ಮನ್ನಣೆಯನ್ನು ಕೊಟ್ಟು ಇನ್ನೊಂದು ಕೈಯಿಂದ ಬಲವನ್ನು ತಗ್ಗಿಸುವುದೆಂದು ಸಂಘಗಳು ಇದನ್ನು ವಿರೋಧಿಸಿವೆ. ಉದ್ಯೋಗ ಹೆಚ್ಚಲು ಇದು ಅವಶ್ಯವೆಂದು ಉದ್ಯಮಿಗಳು ವಾದಿಸಿದ್ದಾರೆ. ಕಾಲವೇ ಇದರ ಪರೀಕ್ಷೆ ಮಾಡಬೇಕಾಗಿದೆ.

ಒಟ್ಟಿನಲ್ಲಿ ಹೇಳುವುದಾದರೆ, ಜಾಗತೀಕರಣವು ಕಾರ್ಮಿಕನಿಗಿದ್ದ ಸಂಘದ ಅಗತ್ಯವನ್ನು ಕಡಮೆ ಮಾಡಲಿಲ್ಲ. ಸಂಘ ಕಟ್ಟುವ ಹಳೆಯ ದಾರಿಯನ್ನು ಕಡಿದುಹಾಕಿತು. ಒಂದೇ ಬಾಗಿಲು, ಒಬ್ಬನೇ ಮಾಲೀಕ, ಒಂದೇ ಬಡಾವಣೆ ಎಂಬ ಕಾಲ ಮತ್ತೆ ಬರಲಾರದು. ಆದರೆ ಸ್ವೀಡನ್ನಿನ ಅನುಭವವೂ ಶ್ರೀರಂಗಪಟ್ಟಣದ ಅನುಭವವೂ ಹೇಳುವಂತೆ, ನಿಯಮಗಳು ನೆರವಾದಲ್ಲಿ ಮತ್ತು ಸಂಘಗಳು ತಮ್ಮ ಬಾಗಿಲನ್ನು ಗುತ್ತಿಗೆಯವನಿಗೂ ಹೊಲಿಗೆ ಯಂತ್ರದ ಹೆಣ್ಣುಮಗಳಿಗೂ ತೆರೆದಲ್ಲಿ ರಸೀತಿ ಪುಸ್ತಕವು ಮತ್ತೆ ತುಂಬಬಲ್ಲುದು. ಶಾಲೆಯ ಮೆಟ್ಟಿಲಿಳಿದು ದುಡಿಮೆಯ ಲೋಕಕ್ಕೆ ಕಾಲಿಡುವ ಮಕ್ಕಳಲ್ಲಿ ಕೆಲವರು ಮಾಲೀಕರಾಗುವರು, ಬಹುಮಂದಿ ದುಡಿಯುವವರಾಗುವರು. ಮಾತನಾಡಲು ಒಂದು ಬಾಗಿಲಿರುವುದು ಇಬ್ಬರಿಗೂ ಕ್ಷೇಮಕರವೆಂಬ ಅರಿವು ಅವರಿಗೆ ಅಲ್ಲಿ ಕಾಲಿಡುವ ಮುನ್ನವೇ ದೊರೆಯುವುದು ಒಳ್ಳೆಯದು. ನರಸಾಪುರದಲ್ಲಿ ಗಾಜು ಒಡೆದ ಮೇಲೆ ಅದು ಎಲ್ಲರಿಗೂ ತಿಳಿಯಿತು.